ಕಂಪ್ರೆಸರಿಗಾಗಿ ಅತ್ತ ಕೇರಿ

ಇಸ್ಫರಾ ಕಣಿವೆಯಲ್ಲಿ ಚೂರಿ ಮಾಡಿ ಬದುಕುವ ಚೂರಿಗಾರರ ಕೇರಿಯಲ್ಲಿ ಯಾವ ಯಂತ್ರ ಕೆಮ್ಮಿದರೂ ಹಮ್ರಾಕುಲನ ಬಾಯಿಂದ ಬರುವ ಮಾತು ಒಂದೇ: "ಬೇರಿಂಗ್ ಹೋಗಿದೆ." ಹೊಲಿಗೆ ಯಂತ್ರ ದಾರ ಕಡಿದರೆ ಬೇರಿಂಗ್. ಟ್ರ್ಯಾಕ್ಟರಿನಲ್ಲಿ ಡೀಸೆಲ್ ಮುಗಿದಿದ್ದರೂ ಬೇರಿಂಗ್. ಒಮ್ಮೆ ಮಸೀದಿಯ ಮೈಕು ಕರಕರ ಅಂದಾಗಲೂ ಅವನು ಚಹಾದಂಗಡಿಯ ಮಂಚದ ಮೇಲೆ ಕಾಲು ಮಡಚಿ ಕೂತು, ಕಣ್ಣು ಅರೆಮುಚ್ಚಿ, ಕಿವಿಯನ್ನು ಆ ಕಡೆ ವಾಲಿಸಿ, ನಾಡಿ ಹಿಡಿದ ಹಕೀಮನ ಗತ್ತಿನಲ್ಲಿ ಅದೇ ತೀರ್ಪು ಕೊಟ್ಟಿದ್ದ. ಅವನ ಕೆಲಸವೇನೋ ಕೇರಿಯ ಶೀತಲಗೃಹದ ಕಂಪ್ರೆಸರಿಗೆ ಎಣ್ಣೆ ಹಾಕುವುದು, ಅಷ್ಟೇ. ಆದರೆ "ಅದನ್ನ ಕಣ್ಣಿಗೆ ಬಟ್ಟೆ ಕಟ್ಟಿದ್ರೂ ಬಿಚ್ಚಿ ಜೋಡಿಸ್ತೀನಿ" ಎಂದು ಹೇಳಿಕೊಂಡು ತಿರುಗಲು ಯಾರ ಅಪ್ಪಣೆ ಬೇಕು?

ಇಷ್ಟು ಕಾಲ ಒಂದೇ ಮಾತು ಹೇಳುತ್ತ ಬಂದವನಿಗೆ ಒಂದು ದಿನ ಆ ಮಾತೇ ಎದುರು ಬಂದು ನಿಂತರೆ ಏನಾಗಬೇಕು? ಜುಲೈ ತಿಂಗಳ ಆ ಬೆಳಿಗ್ಗೆ ಕಂಪ್ರೆಸರು ಟಕ್ ಎಂದಿತು. ಮತ್ತೆ ಟಕ್. ಆಮೇಲೆ ಒಳಗೆ ಯಾರೋ ಸುತ್ತಿಗೆ ಹಿಡಿದು ಕೂತಂತೆ ಟಕಟಕ.

ಶೀತಲಗೃಹದ ಡೈರೆಕ್ಟರ್ ಲತೀಫೋವ್ ಸಾಹೇಬರು ಟೈ ಸರಿಮಾಡಿಕೊಳ್ಳುತ್ತ ಓಡಿಬಂದರು. "ಏನೋ ಇದು ಸದ್ದು?"

"ಬೇರಿಂಗ್ ಹೋಗಿದೆ."

"ತಮಾಷೆ ಬೇಡ. ಏನು ಸದ್ದು ಅಂದೆ."

ಹಮ್ರಾಕುಲ್ ಸ್ವಿಚ್ ಆರಿಸಿ, ಎಣ್ಣೆ ಸೋಸುವ ಜಾಲರಿಯನ್ನು ಬಿಚ್ಚಿ ಬೆಳಕಿಗೆ ಹಿಡಿದ. ಮದುವೆ ಸೀರೆಯ ಜರಿ ಉದುರಿದ ಹಾಗೆ ಲೋಹದ ಪುಡಿ ಮಿನುಗುತ್ತಿತ್ತು. "ಅಯ್ಯಯ್ಯೋ! ಸಾಹೇಬ್ರೇ, ನಿಜವಾಗ್ಲೂ ಹೋಗಿದೆ!"

ಈ ಕಂಪ್ರೆಸರಿನ ಬಗ್ಗೆ ಎರಡು ಮಾತು ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬರಿಸುತ್ತದೆ. ಎರಡು ಸಿಲಿಂಡರಿನ ಕಬ್ಬಿಣದ ಆನೆ ಅದು. ಪಕ್ಕದಲ್ಲಿ ಆಳೆತ್ತರದ ಚಕ್ರ. ಸೋವಿಯತ್ ಕಾಲದಲ್ಲಿ ಬಂದದ್ದು. ಅದನ್ನು ತಂದ ಸರ್ಕಾರ ಬಿದ್ದುಹೋಯಿತು, ಅದು ಬೀಳಲಿಲ್ಲ. ಹೊರಗೆ ಕಲ್ಲು ಸಿಡಿಯುವ ಬಿಸಿಲಿದ್ದಾಗ ಒಳಗೆ ಹಣ್ಣಿನ ಮೇಲೆ ಮಂಜು ಕೂರಿಸುವ ಮಹರಾಯ. ಆ ದಿನ ಅದರ ವಶದಲ್ಲಿದ್ದದ್ದು ಕೇರಿಯ ಪ್ರತಿ ಮನೆಯ ಜರ್ದಾಳು ಹಣ್ಣು, ಒಂದು ಇಡೀ ವರ್ಷದ ದುಡಿಮೆ. ತಂಪು ಲಾರಿ ಬರುವುದು ಮರುದಿನ ಬೆಳಿಗ್ಗೆ. ಸಂಜೆಯೊಳಗೆ ಯಂತ್ರ ತಿರುಗದಿದ್ದರೆ ಲಾರಿಯವನು ಒಯ್ಯುವುದಕ್ಕೆ ಹುಳಿ ಗೊಜ್ಜು ಮಾತ್ರ ಉಳಿಯುತ್ತಿತ್ತು.

ಯಂತ್ರದ ನಿಜವಾದ ಒಡೆಯ, ಮುಖ್ಯ ಮೇಸ್ತ್ರಿ ಯೋದ್ಗೋರ್ ಉಸ್ತಾ, ಖುಜಂದಿನ ಆಸ್ಪತ್ರೆಯಲ್ಲಿ ಮಂಡಿ ಆಪರೇಷನ್ ಮಾಡಿಸಿಕೊಂಡು ಮಲಗಿದ್ದ.

"ನೀನೇ ಮಾಡು," ಎಂದರು ಡೈರೆಕ್ಟರ್. "ಕಣ್ಣು ಕಟ್ಟಿದ್ರೂ ಬಿಚ್ತೀನಿ ಅಂತಿದ್ಯಲ್ಲ. ಈಗ ಕಣ್ಣು ಬಿಟ್ಕೊಂಡೇ ಬಿಚ್ಚು. ಹಣ್ಣು ಕೆಟ್ರೆ ಮನೆಮನೆಗೂ ಹೋಗಿ ಬಾಗಿಲು ತಟ್ಟಿ ನೀನೇ ಹೇಳ್ಬೇಕು, ನಿಮ್ಮ ವರ್ಷ ಹಾಳು ಮಾಡಿದ್ದು ನಾನು ಅಂತ. ನಂಗೆ ಮೀಟಿಂಗ್ ಇದೆ."

ಇಂಥವರಿಗೆ ಬೆಂಕಿ ಬಿದ್ದ ಹೊತ್ತಿಗೆ ಸರಿಯಾಗಿ ಮೀಟಿಂಗ್ ಇರುತ್ತದೆ. ನೆಂಟರ ಮದುವೆಯ ದಿನ ಒಂದೇ ಒಂದು ಮೀಟಿಂಗೂ ಇದ್ದದ್ದನ್ನು ಯಾರೂ ಕಂಡಿಲ್ಲ.

ಹಮ್ರಾಕುಲ್ ಸಹಾಯಕ್ಕೆ ಇಬ್ಬರನ್ನು ಮಾತ್ರ ಕರೆದ. ಒಬ್ಬ ಕೇರಿಯ ಹಿರಿಯ ಚೂರಿಗಾರ ಸಂಗೀನ್ ತಾತ. ಇನ್ನೊಬ್ಬ ಕ್ಷೌರಿಕ ಶೋದಿ. ಕವಾಟಗಳನ್ನು ತಿರುಗಿಸಿ, ತಂಪು ಹುಟ್ಟಿಸುವ ಅಮೋನಿಯಾ ಅನಿಲವನ್ನು ಆಚೆಗೆ ತಳ್ಳಿದ್ದಾಯಿತು ಎಂದುಕೊಂಡು ಯಂತ್ರದ ಹೊಟ್ಟೆಯ ಮುಚ್ಚಳ ಬಿಚ್ಚಿದ. ಪೂರ್ತಿ ತಳ್ಳಿರಲಿಲ್ಲ. ಉಳಿದದ್ದು ಬುಸ್ಸೆಂದು ಮೂವರ ಮುಖಕ್ಕೂ ಬಡಿಯಿತು. ಸಾವಿರ ಈರುಳ್ಳಿಯನ್ನು ಒಟ್ಟಿಗೆ ಹೆಚ್ಚಿ ಕಣ್ಣಿಗೆ ಹಿಂಡಿದಂತೆ ಅಂದುಕೊಳ್ಳಿ.

ಮೂವರೂ ಬೀದಿಗೆ ಬಿದ್ದರು. ಸಂಗೀನ್ ತಾತ ಶೋದಿಯ ಹೆಗಲಿಗೆ ಮುಖ ಒತ್ತಿ ಗಳಗಳ ಕಣ್ಣೀರು ಸುರಿಸುತ್ತಿದ್ದ. ಹಮ್ರಾಕುಲ್ ಕೆಮ್ಮಲಾರದೆ ಎದೆ ಎದೆ ಬಡಿದುಕೊಳ್ಳುತ್ತಿದ್ದ.

ಎದುರಿನ ತಂದೂರಿನ ಬಳಿ ರೊಟ್ಟಿ ಬಡಿಯುತ್ತಿದ್ದ ಹೆಂಗಸರು ಇದನ್ನು ಕಂಡು ಕಲ್ಲಾದರು. ಸಂಗೀನ್ ತಾತ ಅಳುವುದೆಂದರೇನು? ಹೆಂಡತಿಯನ್ನು ಮಣ್ಣು ಮಾಡಿದ ದಿನವೂ ಹಲ್ಲು ಕಚ್ಚಿ ನಿಂತ ಮನುಷ್ಯ!

"ಯೋದ್ಗೋರ್ ಉಸ್ತಾ ಹೋಗ್ಬಿಟ್ಟ!" ಎಂದಳೊಬ್ಬಳು.

"ಮಂಡಿ ಆಪರೇಷನ್ ಅಲ್ವೇನೇ?"

"ಮಂಡಿಯಿಂದ ಶುರುವಾಗಿ ಮೇಲೆ ಹತ್ತುತ್ತೆ ಕಣೆ ಅದು."

ಈ ಕೇರಿಯ ಒಂದು ಮರ್ಯಾದೆ ನಿಮಗೆ ಗೊತ್ತಿರಬೇಕು. ಅಳುತ್ತಿರುವವನನ್ನು 'ಯಾಕೆ' ಎಂದು ಕೇಳುವುದು ಇಲ್ಲಿ ಅನಾಗರಿಕತನ. ಮೊದಲು ನಿಲುವಂಗಿ ತೊಟ್ಟು, ಸೊಂಟಕ್ಕೆ ಪಟ್ಟಿ ಬಿಗಿದು ಬರಬೇಕು, ಅಪ್ಪಿಕೊಂಡು ಅಳಬೇಕು, ಸತ್ತವರು ಯಾರೆಂಬುದು ಚಹಾದ ಹೊತ್ತಿಗೆ ತಾನಾಗಿ ತಿಳಿಯುತ್ತದೆ. ಹಾಗಾಗಿ ಯಾರೂ ಕೇಳಲಿಲ್ಲ. ಗಂಡಸರು ನಿಲುವಂಗಿ ತೊಟ್ಟು ಬಂದರು, ಶೀತಲಗೃಹದ ಬಾಗಿಲಿನ ಇಕ್ಕೆಲದಲ್ಲಿ ಸಾಲಾಗಿ ನಿಂತರು, ಒಳಗಿಂದ ಬರುತ್ತಿದ್ದ ಗಾಳಿಯನ್ನು ಎಳೆದುಕೊಂಡರು. ಆಮೇಲೆ ಹೇಳಬೇಕೆ? ಇಷ್ಟು ಪ್ರಾಮಾಣಿಕವಾದ ಅಳುವನ್ನು ಆ ಕಣಿವೆ ಹಿಂದೆಂದೂ ಕಂಡಿರಲಿಲ್ಲ. ಉಸ್ತಾನೊಂದಿಗೆ ನೀರಿನ ಕಾಲುವೆಗಾಗಿ ಜಗಳವಾಡಿ ಮಾತು ಬಿಟ್ಟವರೂ ಬಿಕ್ಕಿದರು. ಪಲಾವಿನ ಕಡಾಯಿ ಬಂತು. ಹಮ್ರಾಕುಲನ ಹೆಂಡತಿ ಸನೋಬರ್ ಅಂಗಳದಲ್ಲೇ ಮಣೆ ಹಾಕಿ, ಸೂತಕದ ಊಟಕ್ಕೆ ಶಾವಿಗೆ ಹಿಟ್ಟು ಲಟ್ಟಿಸಲು ಕೂತಳು.

ಹಮ್ರಾಕುಲ್ ಒಬ್ಬೊಬ್ಬರಿಗೂ ಹೇಳಲು ನೋಡಿದ. "ಅಣ್ಣಾ, ಅದು ಬೇರಿಂಗ್..." ಎಂದರೆ ಅವನ ತಲೆಯನ್ನು ಎದೆಗೊತ್ತಿಕೊಂಡು, "ಗೊತ್ತು ಕಣೋ, ಗೊತ್ತು. ನಿಂಗೂ ಅವನಿಗೂ ಅದೇ ಮಾತು ಯಾವಾಗ್ಲೂ. ಅತ್ಬಿಡು," ಎನ್ನುತ್ತಿದ್ದರು.

ಡೈರೆಕ್ಟರಿಗೂ ಸುದ್ದಿ ಮುಟ್ಟಿತು. ಸಾವೆಂದರೆ ಭಾಷಣ, ಭಾಷಣವೆಂದರೆ ಅವರು. ಮೀಟಿಂಗು ಎಲ್ಲಿ ಮಾಯವಾಯಿತೋ! ಜೇಬಿನಲ್ಲಿ ಸದಾ ಒಂದು ಹಾಳೆ ಇಟ್ಟುಕೊಂಡಿರುತ್ತಿದ್ದರು, ಹೆಸರಿನ ಜಾಗ ಖಾಲಿ ಬಿಟ್ಟು. ಮೆಟ್ಟಿಲ ಮೇಲೆ ನಿಂತು ಶುರುಮಾಡಿದರು: "ನಮ್ಮೆಲ್ಲರ ಪ್ರೀತಿಯ... ಯೋದ್ಗೋರ್ ಅವರು ಹೂವಿನಂಥ ಹೆಣ್ಣುಮಗಳಾಗಿ..." ಹಾಳೆ ತಿರುಗಿಸಿ ನೋಡಿಕೊಂಡರು. "...ದುಡಿಮೆಯ ಸಿಂಹವಾಗಿ..."

ಆಗ ಹಮ್ರಾಕುಲನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವನ ಕೈ ಪೂರಾ ಎಣ್ಣೆಯಾದ್ದರಿಂದ ಶೋದಿ ತೆಗೆದು ಕಿವಿಗಿಟ್ಟುಕೊಂಡ.

"ಹಲೋ, ನಾನು ಯೋದ್ಗೋರ್."

"ಯಾವ ಯೋದ್ಗೋರ್?"

"ಲೋ ಶೋದಿ, ಹುಟ್ಟಿದಾಗಿಂದ ನನ್ನ ಗಡ್ಡ ಕೆರೀತಿದ್ದೀಯ, ಯಾವ ಯೋದ್ಗೋರ್ ಅಂತೀಯಲ್ಲೋ!"

"ಉಸ್ತಾ... ನೀವು ತೀರ್ಕೊಂಡ್ರಲ್ಲ. ಡೈರೆಕ್ಟರ್ ಭಾಷಣ ಅರ್ಧ ಮುಗ್ದಿದೆ."

"ಜನ ಎಷ್ಟು ಬಂದಿದಾರೆ?"

"ಇಡೀ ಕೇರಿ."

"ನನ್ನ ಬೀಗ?"

"ಅವರೊಬ್ರು ಇನ್ನೂ ಕಾಣ್ಲಿಲ್ಲ."

"ಗೊತ್ತಿತ್ತು ನಂಗೆ! ಅವನು ಹೋಗೋವರೆಗೂ ನಾನು ಹೋಗಲ್ಲ."

ಫೋನನ್ನು ಜೋರಾಗಿ ಕೇಳುವಂತೆ ಮಾಡಿ ನಡುವೆ ಹಿಡಿದರು. ಹಮ್ರಾಕುಲ್ ನಡೆದದ್ದೆಲ್ಲ ಹೇಳಿದ. ಸತ್ತಿದ್ದ ಉಸ್ತಾ ಬಯ್ಯಲು ಶುರುಮಾಡಿದ ಮೇಲೆ ಅವನು ಬದುಕಿರುವುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ.

"ಕತ್ತೆ! ಬಾಗಿಲು ಕಿಟಕಿ ಎಲ್ಲ ತೆಗೆದಿಡು, ಗಾಳಿ ಆಡ್ಲಿ. ಮೇಲಿನ ಹಲಗೆ ಮೇಲೆ ಗ್ರೀಸ್ ಕಾಗದದಲ್ಲಿ ಹೊಸ ಬೇರಿಂಗ್ ಜೊತೆ ಇದೆ, ನಾನು ಸೇರಿದ ವರ್ಷ ಇಟ್ಟಿದ್ದು. ಹಳೇದು ತೆಗಿ, ಹೊಸದು ತೊಳಿ. ಚಕ್ರದ ದಂಡಕ್ಕೆ ನೀಲಿ ಬಣ್ಣ ಸವರಿ ಕೂರಿಸಿ ನೋಡು. ನೀಲಿ ಎಲ್ಲಿ ಅಂಟುತ್ತೋ ಅಲ್ಲಿ ಮಾತ್ರ ಕೆರಿ, ಕೂದಲೆಳೆಯಷ್ಟು. ಮತ್ತೆ ಕೂರಿಸು, ಮತ್ತೆ ಕೆರಿ. ಜಾಸ್ತಿ ಕೆರೆದ್ರೆ ಆ ಜಾಗಕ್ಕೆ ನಿನ್ನ ಮೂಗು ಕತ್ತರಿಸಿ ತುಂಬಬೇಕಾಗುತ್ತೆ, ನೆನಪಿಟ್ಕೊ—" ಇಷ್ಟರಲ್ಲಿ ನರ್ಸು ಫೋನು ಕಿತ್ತುಕೊಂಡಳು. "ರೋಗಿ ಕೂಗಬಾರದು," ಎಂದು ಅವಳೇ ಕೂಗಿದ್ದು ಕೇಳಿಸಿತು.

ಈಗ ಜನ ಏನು ಮಾಡಬೇಕು? ನಿಲುವಂಗಿ ತೊಟ್ಟಾಗಿದೆ, ಕಡಾಯಿಗೆ ಬೆಂಕಿ ಹೊತ್ತಿಸಿಯಾಗಿದೆ, ಸಾವು ಮಾತ್ರ ಕೈಕೊಟ್ಟಿದೆ. ಸಂಗೀನ್ ತಾತ ಕಣ್ಣೊರೆಸಿಕೊಂಡು ನಿಂತ.

"ಇಷ್ಟು ಜನ ಸೇರಿದ ಮೇಲೆ ಸುಮ್ನೆ ತಿಂದು ಎದ್ದು ಹೋಗೋದು ಚೆನ್ನಾಗಿರಲ್ಲ. ಸಾವಿಲ್ದಿದ್ರೆ ಹಶಾರ್ ಅಂದ್ಕೊಳಿ, ಊರೆಲ್ಲ ಸೇರಿ ಮಾಡೋ ಕೆಲಸ. ಗೋಡೆ ಕಟ್ಟೋವಾಗ ಎಲ್ರೂ ಒಂದೊಂದು ಇಟ್ಟಿಗೆ ಇಡಲ್ವಾ? ಹಾಗೆ ಎಲ್ರೂ ಒಂದೊಂದು ಗೀರು ಕೆರೀರಿ. ಒಳಗಿರೋದು ಎಲ್ರ ಹಣ್ಣು."

ಹಮ್ರಾಕುಲ್ ಮೇಲಿನ ಹಲಗೆಯ ಕಡೆ ನೋಡಿದ. ಕೂದಲೆಳೆಯಷ್ಟು ಕೆರೆಯಬೇಕಾದ ವಸ್ತುವನ್ನು ಇಡೀ ಕೇರಿ ಕೆರೆದರೆ ಉಳಿಯುವುದೇನು? ಆದರೆ ಹಶಾರಿಗೆ ಬಂದವನ ಕೈ ಹಿಡಿದು 'ನೀನು ಬೇಡ' ಎನ್ನುವ ಗಂಡು ಆ ಕಣಿವೆಯಲ್ಲಿ ಹುಟ್ಟಿಲ್ಲ. ಹಾಗೇನಾದರೂ ಅಂದರೆ ಮುಂದೆ ಅವನ ಹೆಣ ಹೊರಲೂ ಯಾರೂ ಬರುವುದಿಲ್ಲ.

ದಂಡವನ್ನು ಹಿಡಿದಿದ್ದ ಕಟ್ಟು ಬಿಚ್ಚಿ ಹಳೆಯ ಬೇರಿಂಗ್ ತೆಗೆದ. ಬೇರಿಂಗೆಂದರೆ ಕಲ್ಲಂಗಡಿ ಸಿಪ್ಪೆಯಂತೆ ಬಾಗಿದ ಎರಡು ಹೋಳು. ಎರಡೂ ಸೇರಿ ದಂಡವನ್ನು ಅಪ್ಪಿಕೊಳ್ಳುತ್ತವೆ. ಹಲಗೆಯಿಂದ ಹೊಸ ಜೊತೆಯನ್ನೂ ಇಳಿಸಿ, ಎರಡನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒಂದೇ ತಟ್ಟೆಯಲ್ಲಿಟ್ಟು, ಕೈ ಒರೆಸಿಕೊಳ್ಳಲು ಆಚೆ ಹೋದ. ಅಲ್ಲಿಯೇ ಅವನಿಗೆ ಆ ಮಹಾ ಉಪಾಯ ಹೊಳೆದದ್ದು: ಕೆರೆಯಲು ಇವರಿಗೆ ಹಳೆಯದನ್ನು ಕೊಡುವುದು! ಬೇಕಾದಷ್ಟು ಕೆರೆದುಕೊಳ್ಳಲಿ. ಹೊಸದನ್ನು ತಾನು ಗುಟ್ಟಾಗಿ ಕೆರೆದು, ಕೊನೆಗೆ ಬದಲಾಯಿಸಿಬಿಡುವುದು. ಮರ್ಯಾದೆಯೂ ಉಳಿಯಿತು, ಯಂತ್ರವೂ ಉಳಿಯಿತು.

ತಿರುಗಿ ಬಂದು ತಟ್ಟೆ ನೋಡಿದ. ಒಂದು ಜೊತೆ ಕನ್ನಡಿಯಂತೆ ಫಳಫಳ. ಇನ್ನೊಂದು ಮಂಕಾಗಿ, ಕಪ್ಪಾಗಿ, ತರಿತರಿಯಾಗಿ ಬಿದ್ದಿದೆ. ಯಾವುದು ಹೊಸದು ಎಂದು ಇನ್ನೊಬ್ಬರನ್ನು ಕೇಳಲು ಹಮ್ರಾಕುಲ್ ಏನು ದಡ್ಡನೇ? ಫಳಫಳ ಅನ್ನುವುದನ್ನು ಅಂಗಿಯೊಳಗೆ ಸೇರಿಸಿದ. ಮಂಕಾದದ್ದನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ ಸಂಗೀನ್ ತಾತನಿಗೆ ಒಪ್ಪಿಸಿದ. "ನೀವೇ ಶುರು ಮಾಡಿ ತಾತ."

ಆಮೇಲೆ ಅಂಗಳಕ್ಕೆ ಓಡಿ ಸನೋಬರಳ ಕೈಯಿಂದ ಲಟ್ಟಣಿಗೆ ಕಸಿದ.

"ಯಾರನ್ನ ಹೊಡಿಯೋಕೆ?"

"ಅಳತೆಗೆ ಬೇಕು. ದಂಡದಷ್ಟೇ ದಪ್ಪ ಇದೆ."

"ಹಿಟ್ಟು ಒಣಗ್ತಿದೆ ಇಲ್ಲಿ!"

"ಕೇರಿನೇ ಮುಳುಗ್ತಿದೆ ಕಣೆ, ನಿಂದೊಂದು ಹಿಟ್ಟು!"

ನೀರಿನ ತೊಟ್ಟಿಯ ಹಿಂದೆ ಕೂತು, ಹೊಳೆಯುವ ಬೇರಿಂಗನ್ನು ಲಟ್ಟಣಿಗೆಗೆ ಒತ್ತಿ ನೋಡುವುದು, ಕೆರೆಯುವುದು; ಒತ್ತುವುದು, ಕೆರೆಯುವುದು. ಬೆವರು ಕಿತ್ತುಬಂತು. ಜಗತ್ತಿನಲ್ಲಿ ಅದುವರೆಗೆ ಯಾರೂ ಲಟ್ಟಣಿಗೆಗೆ ಬೇರಿಂಗ್ ಹೊಂದಿಸಿರಲಿಲ್ಲ. ಆ ಕೀರ್ತಿ ಹಮ್ರಾಕುಲನಿಗೆ ಸಲ್ಲಬೇಕು.

ಒಳಗೆ ನಡೆಯುತ್ತಿದ್ದದ್ದನ್ನು ಮಾತ್ರ ನೋಡಬೇಕಿತ್ತು! ಸಂಗೀನ್ ತಾತ ತನ್ನದೇ ಸಣ್ಣ ಚೂರಿ ತೆಗೆದ. ಬೇರಿಂಗನ್ನು ಬೆಳಕಿಗೆ ಹಿಡಿದ, ಊದಿದ, ನೀಲಿ ಅಂಟಿದ ಚುಕ್ಕೆಯ ಮೇಲೆ ಚೂರಿಯ ತುದಿಯಿಟ್ಟು ಒಂದೇ ಒಂದು ಗೀರು ಎಳೆದ. ಎದ್ದ ಪುಡಿ ಗೋಧಿಹಿಟ್ಟಿಗಿಂತ ನುಣುಪು. "ಹಿಡಿಗೆ ಅಲಗು ಕೂರ್ಸೋ ಹಾಗೇ ಇದೂ. ಕೂರ್ಸಿ ನೋಡಿ, ಆಮೇಲೆ ಮುಂದಿನವರು," ಎಂದ. ಹುಟ್ಟಿದಾಗಿನಿಂದ ಉಕ್ಕನ್ನು ಬೆರಳ ತುದಿಯಲ್ಲಿ ಓದಿದ ಕೈಗಳು ಸಾಲಾಗಿ ಬಂದವು. ಒಬ್ಬೊಬ್ಬರದು ಒಂದು ಗೀರು. ಪ್ರತಿ ಗೀರಿಗೂ ದಂಡಕ್ಕೆ ಕೂರಿಸಿ ನೋಡುವುದು, ಚಕ್ರ ತಿರುಗಿಸುವುದು, ಮತ್ತೆ ನೀಲಿ. ಕಾಲು ಮುರಿದ ಕುದುರೆಗೆ ಪಟ್ಟಿ ಕಟ್ಟುವವರಷ್ಟು ಮೆಲ್ಲಗೆ, ಅಷ್ಟೇ ಗಂಭೀರವಾಗಿ.

ಜಗಳವೇನೂ ಕಡಿಮೆಯಿರಲಿಲ್ಲ. "ಈಗ ಬಂದ ಉಸ್ತಾನ ಬೀಗ ನನಗಿಂತ ಮುಂಚೆ ಕೆರಿಯೋದಾದ್ರೆ ನಾನು ಹೊರಟೆ!" ಎಂದೊಬ್ಬ. "ಹೋಗು, ನಿನ್ನ ಗೀರು ನಾನೇ ಹಾಕ್ತೀನಿ," ಎಂದ ಬೀಗ. ಹೋಗುತ್ತೇನೆಂದವನು ಕೂತುಬಿಟ್ಟ. ಶೋದಿ ತನ್ನ ಸರದಿ ಬಂದಾಗ ಬೇರಿಂಗಿನ ಕೆನ್ನೆ ಸವರಿ, ಅಭ್ಯಾಸಬಲದಿಂದ "ತಲೆ ಸ್ವಲ್ಪ ಎತ್ತಿ" ಎಂದ. ಡೈರೆಕ್ಟರು ತಮ್ಮ ಹುದ್ದೆಗೆ ತಕ್ಕಂತೆ ಎರಡು ಗೀರು ಬೇಕೆಂದರು. ಚೂರಿಯನ್ನು ಸೌದೆ ಸೀಳುವವರ ಹಾಗೆ ಎತ್ತಿದ್ದೇ ತಡ, ಸಂಗೀನ್ ತಾತ ಅವರ ಮಣಿಕಟ್ಟು ಹಿಡಿದ.

"ಸಾಹೇಬ್ರೇ, ಇದು ಭಾಷಣ ಅಲ್ಲ. ಚಿಕ್ಕದಾಗಿ ಮುಗಿಸಿ."

ಗೋಡೆಯ ಥರ್ಮಾಮೀಟರು ಏರುತ್ತಿತ್ತು. ಯಾರೋ ಕೋಣೆಯ ಬಾಗಿಲು ಸರಿಸಿ ನೋಡಿ ಬಂದು, "ಹಣ್ಣು ಬೆವರ್ತಿದೆ," ಎಂದರು.

ಕೊನೆಯ ಗೀರು ಮುಗಿಯಿತು. ಅದೇ ಹೊತ್ತಿಗೆ ಅಂಗಳದಲ್ಲಿ ಕಡಾಯಿಯ ಮುಚ್ಚಳ ತೆಗೆದರು. ಕುರಿಕೊಬ್ಬು, ಜೀರಿಗೆ, ಕ್ಯಾರೆಟ್ಟಿನ ಘಮ ಬಾಗಿಲಿನೊಳಗೆ ನುಗ್ಗಿತು. ಎಲ್ಲರ ಮೂಗುಗಳೂ ಒಟ್ಟಿಗೆ ಆ ಕಡೆ ತಿರುಗಿದವು, ಹಿಂದೆಯೇ ಕಾಲುಗಳೂ. ಅಷ್ಟು ಸಾಕಾಯಿತು ಹಮ್ರಾಕುಲನಿಗೆ. ಅವರ ಬೇರಿಂಗನ್ನು ಚಿಂದಿಯ ಕೆಳಗೆ ತಳ್ಳಿ, ಅಂಗಿಯೊಳಗಿಂದ ತನ್ನದನ್ನು ತೆಗೆದು ಕೂರಿಸಿ, ನಟ್ಟು ಬಿಗಿದು, ಮುಚ್ಚಳ ಹಾಕಿ, ಎಣ್ಣೆ ಸುರಿದು ಸ್ವಿಚ್ ಒತ್ತಿದ.

ಟಕ್ ಅಲ್ಲ, ಈ ಸಲ ಢಮ್. ಢಮಾರ್. ನೆಲ ಅದುರಿತು. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ನಾಚಿ ಸೊನ್ನೆಯಲ್ಲಿ ಮಲಗಿತು. ಹಮ್ರಾಕುಲ್ ಸ್ವಿಚ್ ಆರಿಸಿದ.

ಮನೆಮನೆಗೆ ಹೋಗಿ ಬಾಗಿಲು ತಟ್ಟುವ ಕಷ್ಟವೇನೂ ಈಗ ಅವನಿಗಿರಲಿಲ್ಲ. ಎಲ್ಲ ಮನೆಗಳೂ ಅವನ ಬೆನ್ನ ಹಿಂದೆಯೇ, ಕೈಯಲ್ಲಿ ಪಲಾವಿನ ತುತ್ತು ಹಿಡಿದು ನಿಂತಿದ್ದವು.

"ಬಿಚ್ಚು," ಎಂದ ಸಂಗೀನ್ ತಾತ.

ಬಿಚ್ಚಿದ. ತಾತ ಹೋಳನ್ನು ಕೈಗೆ ತೆಗೆದುಕೊಂಡು ತಿರುಗಿಸಿದ. "ಇದು ನನ್ನ ಗೀರಲ್ಲ."

ಕೈಯಿಂದ ಕೈಗೆ ಹೋಯಿತು. "ನಂದೂ ಅಲ್ಲ." "ನಾನು ಅಂಚಿನ ಹತ್ರ ಎಳೆದಿದ್ದೆ, ಎಲ್ಲಿ?" "ಇದನ್ನ ಕೆರೆದವನು ಕೈಯಲ್ಲಿ ಕೆರೆದಿಲ್ಲ ಬಿಡ್ರಪ್ಪ, ಮೊಣಕೈಯಲ್ಲಿ ಕೆರೆದಿದಾನೆ." ಕೊನೆಗೆ ಸನೋಬರಳ ಕೈಗೆ ಬಂತು. ಅವಳು ಅಂಚನ್ನು ಉಗುರಿನಿಂದ ಕೆದಕಿ, ಮೂಸಿ ನೋಡಿದಳು.

"ಇದ್ರಲ್ಲಿ ನನ್ನ ಹಿಟ್ಟಿದೆ."

ಹಮ್ರಾಕುಲನಿಗೆ ಇನ್ನು ಓಡಲು ಜಾಗವಿರಲಿಲ್ಲ. "ತಪ್ಪಾಯ್ತು," ಎಂದ. "ನೀವೆಲ್ಲ ಕೆರೆದ್ರೆ ಹಾಳಾಗುತ್ತೆ ಅಂತ ಹೆದರಿ ನಿಮಗೆ ಹಳೇದು ಕೊಟ್ಟೆ. ಹೊಸದನ್ನ ನಾನಿಟ್ಕೊಂಡೆ. ಅದನ್ನೂ ಹಾಳು ಮಾಡ್ದೆ."

ಗದ್ದಲವೆದ್ದಿತು. "ನಮ್ಮ ಕೈಗೆ ಸವೆದದ್ದು ಕೊಟ್ಟೆಯಾ?" "ನಮ್ಮನ್ನ ಮಕ್ಕಳು ಅಂದ್ಕೊಂಡ್ಯಾ, ಗಿಲಕಿ ಕೊಟ್ಟು ಕೂರ್ಸೋಕೆ?" "ಇಂಥವನನ್ನ ಅಪ್ಪಿಕೊಂಡು ಅತ್ತೆವಲ್ರೋ ನಾವು!" ಡೈರೆಕ್ಟರ್ ಮುಂದೆ ಬಂದು, "ನಾನು ಮೊದಲೇ ಹೇಳಿದ್ದೆ" ಎಂದರು. ಅವರು ಏನನ್ನೂ ಹೇಳಿರಲಿಲ್ಲ.

ಸಂಗೀನ್ ತಾತ ಚಿಂದಿ ಸರಿಸಿ ತಮ್ಮ ಬೇರಿಂಗನ್ನು ತೆಗೆದ. ಎರಡನ್ನೂ ಅಂಚಿಗೆ ಅಂಚು ಹೊಂದಿಸಿ ಎಲ್ಲರಿಗೂ ಕಾಣುವಂತೆ ಹಿಡಿದ. ಹೊಳೆಯುತ್ತಿದ್ದದ್ದು ಈರುಳ್ಳಿ ಪೊರೆಯಷ್ಟು ತೆಳ್ಳಗಿತ್ತು. ಕೇರಿ ಕೆರೆದದ್ದು ದಪ್ಪಗೆ, ಗಟ್ಟಿಯಾಗಿತ್ತು.

"ಹಮ್ರಾ, ಬಾ ಇಲ್ಲಿ. ಹಳೇ ಚೂರಿ ಹೊಳೆಯುತ್ತೋ, ಕುಲುಮೆಯಿಂದ ತೆಗೆದ ಹೊಸ ಚೂರಿ ಹೊಳೆಯುತ್ತೋ?"

"ಹಳೇದು ತಾತ. ಉಜ್ಜಿ ಉಜ್ಜಿ..."

ಅಷ್ಟು ಹೇಳಿದ ಹಮ್ರಾಕುಲ್ ಬಗ್ಗಿ ತಾತನ ಕೈಯಲ್ಲಿದ್ದ ಹೊಳೆಯುವ ಹೋಳನ್ನು ನೋಡಿದ.

"ಹೂಂ. ಇದು ದಂಡದ ಜೊತೆ ಉಜ್ಜಾಡಿ ಕನ್ನಡಿ ಆಗಿರೋದು. ಅದು ಗ್ರೀಸಲ್ಲಿ ಮಲಗಿ ಮಂಕಾಗಿದ್ದು. ನಮಗೆ ಕೊಡಬಾರದು ಅಂದ್ಕೊಂಡು ಹೊಸದನ್ನೇ ಕೊಟ್ಟಿದ್ದೀಯಲ್ಲೋ ಮಂಕೇ!"

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಆಮೇಲೆ ಪಲಾವು ಕೈಯಿಂದ ಉದುರುವಷ್ಟು ನಕ್ಕರು. ಸನೋಬರ್ ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ಡೈರೆಕ್ಟರೂ, ಯಾಕೆಂದು ತಿಳಿಯದೆಯೇ, ನಕ್ಕರು.

"ನಗು ಸಾಕು, ಹಣ್ಣು ಕಾಯ್ತಿದೆ," ಎಂದ ತಾತ. "ಕೆರೆಯೋದು ನಮ್ಮ ಕೆಲಸ ಆಗಿತ್ತು, ಮಾಡಿದ್ವಿ. ಬಿಗಿಯೋದು ನಂಗೆ ಬರಲ್ಲ. ಅದು ನಿಂದು."

ಹಮ್ರಾಕುಲ್ ಎಣ್ಣೆಯ ನೆಲದ ಮೇಲೆ ಅಂಗಾತ ಮಲಗಿ ಯಂತ್ರದ ಹೊಟ್ಟೆಯೊಳಗೆ ತೋಳು ತೂರಿಸಿದ. ಇಲ್ಲಿ ಮಾತ್ರ ಅವನನ್ನು ಮೆಚ್ಚಲೇಬೇಕು. ಒಂದು ನಟ್ಟಿಗೆ ಅರ್ಧ ಸುತ್ತು, ಎದುರಿನದಕ್ಕೆ ಅರ್ಧ ಸುತ್ತು. ನಡುನಡುವೆ ಚಕ್ರವನ್ನು ಕೈಯಿಂದ ತಿರುಗಿಸಿ, ಎಲ್ಲಾದರೂ ಹಿಡಿಯುತ್ತದೆಯೇ ಎಂದು ಬೆರಳಲ್ಲಿ ತಡವಿ ನೋಡುವುದು. ಗಡ್ಡದ ಮೇಲೆ ಎಣ್ಣೆ ಇಳಿದು ಕಿವಿಗೆ ಹೋಗುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಒಂದೇ ಒಂದು ಮಾತೂ ಆಡಲಿಲ್ಲ. ಹಮ್ರಾಕುಲ್ ಯಂತ್ರದ ಎದುರು ಮಾತಿಲ್ಲದೆ ಇದ್ದದ್ದನ್ನು ಕೇರಿ ಮೊದಲ ಸಲ ನೋಡಿತು.

ಮುಚ್ಚಳ ಕೂತಿತು. ಎಣ್ಣೆ ತುಂಬಿತು. ಹಮ್ರಾಕುಲ್ ಸ್ವಿಚ್ಚಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿಕೊಂಡ.

ಚಕ್ರ ಒಮ್ಮೆ ನರಳಿ ತಿರುಗಿತು. ಟಕ್ ಬರಲಿಲ್ಲ. ಢಮ್ ಬರಲಿಲ್ಲ. ಹೊಟ್ಟೆ ತುಂಬಿದ ಹಸು ಮೆಲುಕು ಹಾಕುವಂಥ, ದುಂಡಗಿನ, ನೆಮ್ಮದಿಯ ಸದ್ದು. ಎಣ್ಣೆಯ ಮುಳ್ಳು ಎದ್ದು ತನ್ನ ಜಾಗಕ್ಕೆ ಹೋಗಿ ನಿಂತಿತು. ಸ್ವಲ್ಪ ಹೊತ್ತಿಗೆ ಕೊಳವೆಗಳ ಮೇಲೆ ಬೆಳ್ಳಗೆ ಮಂಜು ಮೂಡತೊಡಗಿತು. ಶೋದಿ ಅದನ್ನು ಬೆರಳಲ್ಲಿ ಮುಟ್ಟಿ, ಬಾಯಿಗಿಟ್ಟುಕೊಂಡು, "ಕೂತಿದೆ," ಎಂದ. ಅವನ ಕಣ್ಣಲ್ಲಿ ನೀರಿತ್ತು. ಅಮೋನಿಯಾ ಆಗಲೇ ಹೋಗಿಬಿಟ್ಟಿತ್ತು.

ಎಲ್ಲರೂ ಅಂಗಳದಲ್ಲಿ ವೃತ್ತವಾಗಿ ಕೂತರು. ಹಮ್ರಾಕುಲ್ ಚಪ್ಪಲಿ ಬಿಡುವ ಜಾಗದ ಹತ್ತಿರ, ಎಲ್ಲರಿಗಿಂತ ಕೆಳಗೆ ಕೂರಹೋದ. ಸಂಗೀನ್ ತಾತ ಅವನ ಕಾಲರು ಹಿಡಿದು ಎಳೆದು, ಮೇಲುಗಡೆ, ತನ್ನ ಪಕ್ಕದಲ್ಲಿ ಕೂರಿಸಿದ. ಆಮೇಲೆ ಎರಡೂ ಅಂಗೈಗಳನ್ನು ಎತ್ತಿ ಪ್ರಾರ್ಥನೆ ಶುರುಮಾಡಿದ. ಕೇರಿಗೆ ಒಳ್ಳೆಯದಾಗಲಿ, ಆಸ್ಪತ್ರೆಯಲ್ಲಿರುವ ಉಸ್ತಾನ ಮಂಡಿ ಮಡಚಲಿ, ಅವನ ಬೀಗನಿಗೆ ಬುದ್ಧಿ ಬರಲಿ, ಲಾರಿ ಹೊತ್ತಿಗೆ ಸರಿಯಾಗಿ ಬರಲಿ. ಕೊನೆಗೆ ಪಕ್ಕಕ್ಕೆ ತಿರುಗಿ ಹಮ್ರಾಕುಲನನ್ನು ನೋಡಿದ.

"ಓ ದೇವರೇ, ಇವನ ತಲೆ ಇವತ್ತು ನೆಟ್ಟಗೆ ಓಡಿದ್ದಿದ್ರೆ ನಮ್ಮ ಹಣ್ಣೆಲ್ಲ ಮಣ್ಣುಪಾಲಾಗಿರೋದು. ಇನ್ನು ಮುಂದೆಯೂ ಇದನ್ನ ಹೀಗೇ ಸೊಟ್ಟಗೇ ಇಟ್ಟು ನಮ್ಮನ್ನ ಕಾಪಾಡಪ್ಪ."

ಇಡೀ ಕೇರಿ ಅಂಗೈಗಳಿಂದ ಮುಖ ಸವರಿಕೊಂಡು "ಆಮೀನ್" ಅಂದಿತು. ಎಲ್ಲರಿಗಿಂತ ಜೋರಾಗಿ ಅಂದವನು ಹಮ್ರಾಕುಲ್.